ಮೂರು ದಿನದ ತಲೆನೋವು

ಶಿವಬಸವ್ವ ೨೦೨೧ರಲ್ಲಿ ಅಮೆರಿಕದ ಸೆರಿಟೋಸ್‌ಗೆ ಬಂದದ್ದು ಮಗಳ ಬಾಣಂತನಕ್ಕೆ. ಆಮೇಲೆ ಅಲ್ಲೇ ಉಳಿದಳು. ಮಗಳಿಗೆ ಎಣ್ಣೆ ಹಚ್ಚಿ ಎರೆದದ್ದನ್ನು ನೋಡಿದವರು ತಮ್ಮ ಮನೆಗೂ ಕರೆದರು. ಬಾತ್‌ಟಬ್‌ನಲ್ಲಿ ಪ್ಲಾಸ್ಟಿಕ್ ಸ್ಟೂಲ್ ಇಟ್ಟು ಕೂರಿಸಿ, ಬಿಸಿನೀರು ಹಾಕಿ, ತಲೆಗೆ ಬಟ್ಟೆ ಬಿಗಿದು ಕಟ್ಟುವಳು. ಹನ್ನೊಂದು ಜನ ಬಾಣಂತಿಯರಾದರು. ಇಂಗ್ಲಿಷ್ ಬಾರದಿದ್ದರೂ ಅವಳ ಕೈಗುಣದ ಮೇಲೆ ಎಲ್ಲರಿಗೂ ನಂಬಿಕೆ.

ಹನ್ನೆರಡನೆಯವಳು ಹತ್ತಿರದ ಡೈಮಂಡ್ ಬಾರ್ ಎಂಬ ಊರಿನ ಮಧುರಾ. ಇಪ್ಪತ್ತಾರು ತಾಸು ನೋವು ತಿಂದು ಹೆತ್ತಿದ್ದಳು. ಹೊಲಿಗೆ ಉರಿದು ಕೂರಲೂ ಆಗುತ್ತಿರಲಿಲ್ಲ. ಆರನೇ ದಿನ ತಲೆ ಸಿಡಿಯುತ್ತಿದೆ ಎಂದಳು.

"ಶೀತ ಆಗೇತಿ, ನನ್ನವ್ವ," ಎಂದು ಶಿವಬಸವ್ವ ಬಟ್ಟೆಯನ್ನು ಇನ್ನೂ ಬಿಗಿದಳು.

ಮರುದಿನವೂ ನೋವು ಇಳಿಯಲಿಲ್ಲ. ಮುಖ ಊದಿತ್ತು. ಅತ್ತೆ ಶೋಭಾಗೆ ಅದೇ ಖುಷಿ. "ನೋಡಿ ಶಿವಬಸವ್ವನೋರೇ, ಕೆನ್ನೆ ಹೇಗೆ ತುಂಬ್ಕೊಂಡಿದೆ! ಎಲ್ಲಾ ನನ್ನ ಬೆಳ್ಳುಳ್ಳಿ ಸಾರಿನ ಮಹಿಮೆ."

ಮಧುರಾ ನಗಲಿಲ್ಲ. "ಅತ್ತೆ, ಆಸ್ಪತ್ರೆಗೆ ಒಂದು ಫೋನ್ ಮಾಡೋಣ್ವಾ?"

"ತಲೆನೋವಿಗೆಲ್ಲಾ ಆಸ್ಪತ್ರೇನಾ? ಹೊರಗಡೆ ಹೋಗಿ ಗಾಳಿ ತಗುಲಿಸ್ಕೊಂಡು ಬರ್ತೀಯಾ? ನೀವೇ ಹೇಳಿ ಶಿವಬಸವ್ವನೋರೇ."

"ಹೌದ್ರಿ, ಗಾಳಿ ಆಗಂಗಿಲ್ಲ," ಎಂದುಬಿಟ್ಟಳು ಶಿವಬಸವ್ವ. ಹನ್ನೊಂದು ಮನೆಗಳಲ್ಲೂ ಹೇಳಿದ್ದ ಮಾತು.

ಮಧುರಾ ಗೋಡೆಯ ಕಡೆ ತಿರುಗಿ ಅತ್ತಳು.

"ಬಾಣಂತಿ ಅಳಬಾರ್ದು, ಕಣ್ಣು ಹೋಗತ್ತೆ," ಎಂದು ಶೋಭಾ ಗದರಿದಳು.

ಎಂಟನೇ ದಿನ ಬೆಳಿಗ್ಗೆ ಕಾಲಿಗೆ ಎಣ್ಣೆ ತಿಕ್ಕುವಾಗ ಶಿವಬಸವ್ವನ ಹೆಬ್ಬೆರಳು ಒಳಗೆ ಇಳಿಯಿತು. ಬೆರಳು ತೆಗೆದರೂ ಕುಳಿ ಹಾಗೆಯೇ ಉಳಿಯಿತು. ಇಂಥ ಕಾಲನ್ನು ಅವಳು ಮುಟ್ಟಿರಲಿಲ್ಲ.

"ಅಜ್ಜಿ, ನೀವು ಇಬ್ಬಿಬ್ಬರಾಗಿ ಕಾಣ್ತಿದೀರ," ಎಂದಳು ಮಧುರಾ.

ಶಿವಬಸವ್ವ ತಲೆಬಟ್ಟೆ ಬಿಚ್ಚಲು ಹೋದಳು. ಎಣ್ಣೆಗೈಗೆ ಗಂಟು ಹಿಡಿತಕ್ಕೆ ಸಿಗಲಿಲ್ಲ. ಬಿಚ್ಚುವಷ್ಟರಲ್ಲಿ ಮಧುರಾಳ ಹಲ್ಲು ಕಚ್ಚಿಕೊಂಡವು. ಮೈ ಸೆಟೆದು ಅದುರತೊಡಗಿತು.

"ಕಾರ್ತಿಕಪ್ಪಾ, ಆಂಬುಲೆನ್ಸ್ ಕರಿ!" ಎಂದು ಶಿವಬಸವ್ವ ಮಧುರಾಳ ಗಂಡನನ್ನು ಕೂಗಿದಳು.

ಆಂಬುಲೆನ್ಸ್ ಬರುವಾಗ ಮೈ ಅದುರುವುದು ನಿಂತಿತ್ತು, ಮಧುರಾಗೆ ಎಚ್ಚರವಿರಲಿಲ್ಲ. ಅದರಲ್ಲಿ ಬಂದ ಹುಡುಗಿ ಬಿಪಿ ನೋಡಿ, ಅಷ್ಟು ಏರಿದ್ದನ್ನು ನಂಬದೆ ಮತ್ತೊಂದು ಸಲ ನೋಡಿದಳು. ತನ್ನ ತಲೆ ಮುಟ್ಟಿ ತೋರಿಸುತ್ತ ಕಾರ್ತಿಕನನ್ನು ಏನೋ ಕೇಳಿದಳು. ಅವನು ತಾಯಿಯ ಮುಖ ನೋಡಿದ.

"ದಿಸ್ ಮಾರ್ನಿಂಗ್," ಎಂದ.

ತಲೆನೋವು ಇವತ್ತು ಬೆಳಿಗ್ಗೆ ಶುರುವಾಯಿತು ಅಂದನೆಂದು ತಿಳಿಯುವಷ್ಟು ಇಂಗ್ಲಿಷ್ ಶಿವಬಸವ್ವನಿಗೆ ಗೊತ್ತಿತ್ತು. "ಯಾಕಪ್ಪಾ ಸುಳ್ಳು ಹೇಳ್ತಿ?"

"ನೀವು ಸುಮ್ನಿರಿ," ಮಗುವನ್ನು ಅವುಚಿಕೊಂಡಿದ್ದ ಶೋಭಾ ಪಿಸುಗುಟ್ಟಿದಳು. "ಮನೇಲೇ ಇಟ್ಕೊಂಡು ಕೂತಿದ್ವಿ ಅಂದ್ರೆ ಪೊಲೀಸ್ ಬರ್ತಾರೆ. ಮೊದಲು ನಿಮ್ಮನ್ನೇ ಕೇಳ್ತಾರೆ."

ಪೊಲೀಸ್ ಎಂದೊಡನೆ ಶಿವಬಸವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಸ್ಟ್ರೆಚರ್ ಮೇಲೆ ಮಧುರಾಳ ತುಟಿ ನೀಲಿಗಟ್ಟಿತ್ತು.

ಶಿವಬಸವ್ವ ಸ್ಟ್ರೆಚರ್‌ಗೆ ಅಡ್ಡ ನಿಂತು ಹುಡುಗಿಗೆ ಮೂರು ಬೆರಳು ಎತ್ತಿ ತೋರಿಸಿದಳು. "ತ್ರೀ ಡೇ." ತಲೆ ಮುಟ್ಟಿದಳು, ಕಣ್ಣು ಮುಟ್ಟಿದಳು. ಬಗ್ಗಿ ಮಧುರಾಳ ಕಾಲು ಒತ್ತಿ ಕುಳಿ ತೋರಿಸಿದಳು. ಬಿಚ್ಚಿದ ಬಟ್ಟೆ ಎತ್ತಿ ಹಿಡಿದು ಎದೆ ತಟ್ಟಿಕೊಂಡಳು. "ನಾನೇ ಕಟ್ಟೀನಿ."

ಹುಡುಗಿ ತಲೆಯಾಡಿಸಿ, ರೇಡಿಯೋದಲ್ಲಿ "ತ್ರೀ ಡೇಸ್" ಎಂದು ಜೋರಾಗಿ ಹೇಳುತ್ತ ಸ್ಟ್ರೆಚರ್ ತಳ್ಳಿದಳು. ಕಾರ್ತಿಕ್ ಬರಿಗಾಲಲ್ಲೇ ಹಿಂದೆ ಓಡಿದ.

ಮಗು ಹಸಿದು ಅಳತೊಡಗಿತು.

"ಕೂಸಿನ್ನ ಕೊಡ್ರಿ, ಹಾಲು ಕುಡಸ್ತೀನಿ," ಎಂದು ಶಿವಬಸವ್ವ ಕೈ ಚಾಚಿದಳು.

ಎಲ್ಲ ಹೇಳಿಬಿಟ್ಟವಳ ಕೈಗೆ ಶೋಭಾ ಮಗುವನ್ನು ಕೊಡಲಿಲ್ಲ.