ಹೊಗೆ ಕಾಣದ ಗೂಡು

ಬಚ್ಚಲಮನೆ ಬಾಗಿಲಲ್ಲಿರುವ ಕರಿಗಲ್ಲಿನ ಮೇಲೆ ನಿಂತು ನೀವೆಲ್ಲ ಕಾಲು ತೊಳೆಯುತ್ತೀರಿ. ಅದು ಕಲ್ಲಲ್ಲ. ಕರಗಿ ಒಂದಕ್ಕೊಂದು ಅಂಟಿಕೊಂಡ ಏಳೆಂಟು ಇಟ್ಟಿಗೆ. ಅದು ಹೇಗೆ ಹೀಗಾಯಿತು ಎಂದು ಕಳೆದ ರಜೆಯಲ್ಲಿ ಕೇಳಿದಿರಿ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಬರೆಯುತ್ತೇನೆ.

ಆಗ ಚುಂಚನಕಟ್ಟೆಯ ಹತ್ತಿರ ನಮ್ಮದೊಂದು ಇಟ್ಟಿಗೆ ಗೂಡಿತ್ತು. ನಿಮ್ಮ ತಾತ ಹೋದ ಮೇಲೆ ಅದು ನನ್ನ ಹೆಸರಿಗೆ ಬಂತು. ಕೆಲಸ ನೋಡಿಕೊಳ್ಳುತ್ತಿದ್ದವನು ನನ್ನ ಮೈದುನ, ನಿಮ್ಮ ಚಿಕ್ಕತಾತ. ಗೂಡಿನ ಹತ್ತಿರ ಗಂಡಸರಿರುತ್ತಿದ್ದರು, ನಾನು ಹೋಗುತ್ತಿರಲಿಲ್ಲ. ಆದರೆ ಅಡುಗೆಮನೆ ಕಿಟಕಿಗೆ ಗೂಡು ನೇರ ಕಾಣುತ್ತಿತ್ತು. ಅದರ ಹಿಂದೆ ಒಂದು ತೆಂಗಿನಮರ, ಹತ್ತಲು ಅನುಕೂಲವಾಗಲೆಂದು ಕಾಂಡದಲ್ಲಿ ಕಡಿದ ಕಚ್ಚುಗಳು. ಮುದ್ದೆ ತಿರುವುತ್ತ ನೋಡಿ ನೋಡಿ ನನಗೊಂದು ಸಂಗತಿ ಗೊತ್ತಾಗಿತ್ತು. ಬೆಂಕಿ ಹಾಕುವ ದಿನ ಗೂಡಿನ ನೆತ್ತಿ ಒಂದು ಕಚ್ಚಿನ ಸಮಕ್ಕೆ ಇರುತ್ತಿತ್ತು. ಇಟ್ಟಿಗೆ ಬೆಂದಂತೆಲ್ಲ ಕುಗ್ಗಿ, ನೆತ್ತಿ ಆ ಕಚ್ಚಿಗಿಂತ ಒಂದು ಗೇಣು ಕೆಳಗಿಳಿಯುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಚಿಕ್ಕತಾತನ ಲೆಕ್ಕ ಬೇರೆ. ಅವನು ನೋಡುತ್ತಿದ್ದದ್ದು ಹೊಗೆ. ದಟ್ಟವಾಗಿ ಎದ್ದರೆ ಬೆಂಕಿ ಚೆನ್ನಾಗಿದೆ, ತೆಳುವಾದರೆ ಸೌದೆ ತಳ್ಳು. ಅವರಪ್ಪನ ಕಾಲದಿಂದ ಬಂದ ರೂಢಿ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಸೌದೆ ಸಿಗುವುದು ಕಷ್ಟವಾಗಿತ್ತು. ಪಿರಿಯಾಪಟ್ಟಣದ ಕಡೆ ತಂಬಾಕು ಬೇಯಿಸುವವರಿಗೂ ಅದೇ ಮರ ಬೇಕು. ಆಗ ಮೈಸೂರಿನಿಂದ ಒಬ್ಬ ಇಂಜಿನಿಯರು ಬಂದರು. ಶಾಲೆ ಕೊಠಡಿ ಕಟ್ಟಿಸುವವರ ಕಡೆಯವರು. ಅರ್ಧ ಸೌದೆಯಲ್ಲಿ ಸುಡುತ್ತೇವೆ ಎಂದು ಬರೆದುಕೊಟ್ಟವರ ಹತ್ತಿರ ಮಾತ್ರ ಇಟ್ಟಿಗೆ ಕೊಳ್ಳುತ್ತಾರಂತೆ. ಮಿಕ್ಕ ಶಾಖಕ್ಕೆ ಕೆ.ಆರ್. ನಗರದ ಅಕ್ಕಿ ಗಿರಣಿಯ ಹೊಟ್ಟನ್ನು ಮಣ್ಣಿಗೇ ಕಲಸಬೇಕು, ಇಟ್ಟಿಗೆ ಒಳಗಿನಿಂದ ತಾನೇ ಉರಿಯುತ್ತದೆ ಎಂದರು. ಸೌದೆ ಉರಿದಾಗ ಏಳುವ ಇಂಗಾಲದ ಗಾಳಿ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಮೇಲೆ ನಿಲ್ಲುತ್ತದೆ, ಸೆಕೆ ಏರುತ್ತದೆ ಎಂದೂ ಹೇಳಿದರು.

ಬಾಗಿಲ ಹಿಂದೆ ನಿಂತಿದ್ದ ನನಗೆ ಕೇಳದೆ ಇರಲಾಗಲಿಲ್ಲ. “ಹೊಟ್ಟು ಉರುದ್ರೂ ಅದೇ ಗಾಳಿ ಅಲ್ವಾ ಸಾರ್? ಅದು ಮ್ಯಾಕೆ ಹೋಗಾಕಿಲ್ವಾ?”

“ಅತ್ಗೆವ್ವ ಮಾತಾಡುದ್ರು ಕಣ್ರೀ! ಇವತ್ತು ಮಳೆ ಗ್ಯಾರಂಟಿ” ಅಂದ ಚಿಕ್ಕತಾತ.

ಇಂಜಿನಿಯರು ನಗಲಿಲ್ಲ. “ಹೋಗುತ್ತಮ್ಮ. ಆದ್ರೆ ಮುಂದಿನ ಬೆಳೆ ಭತ್ತ ಅದನ್ನ ವಾಪಸ್ ಎಳ್ಕೊಳ್ಳುತ್ತೆ. ಕಡಿದ ಮರ ಮತ್ತೆ ಬೆಳೆಯೋಕೆ ಎಷ್ಟು ವರ್ಷ ಬೇಕು ಹೇಳಿ?”

ಆಮೇಲೆ ಎಷ್ಟೋ ದಿನ ಗದ್ದೆ ಬದುವಿನಲ್ಲಿ ನಿಂತು, ಪೈರು ಗಾಳಿ ಎಳೆದುಕೊಳ್ಳುವುದು ಕಂಡೀತೇ ಎಂದು ದಿಟ್ಟಿಸಿದ್ದೇನೆ.

ಗೂಡು ನನ್ನ ಹೆಸರಿನಲ್ಲಿದ್ದುದರಿಂದ, ಅರ್ಧ ಸೌದೆಯ ಆ ಕಾಗದಕ್ಕೆ ನಾನೇ ರುಜು ಹಾಕಿದೆ. ಇಟ್ಟಿಗೆ ಹೋಗದಿದ್ದರೂ ಸರಿಯೆ, ಆ ರುಜು ಸುಳ್ಳಾಗಬಾರದು ಎಂಬುದೊಂದೇ ನನ್ನ ಮನಸ್ಸಿನಲ್ಲಿತ್ತು. ಸೌದೆಯನ್ನು ಎರಡು ಪಾಲು ಮಾಡಿಸಿ, ಮುಟ್ಟಬಾರದ ಪಾಲನ್ನು ನನ್ನ ಕಣ್ಣೆದುರಿಗೆ ಕೊಟ್ಟಿಗೆ ಗೋಡೆಗೆ ಒಟ್ಟಿಸಿದೆ.

ಬೆಂಕಿ ಹಾಕಿದ ಮೂರನೇ ಬೆಳಗ್ಗೆ ಚಿಕ್ಕತಾತ ಓಡಿಬಂದ.

“ಅತ್ಗೆವ್ವಾ, ಬೆಂಕಿ ಸತ್ತೋಯ್ತು. ಹೊಗೇನೇ ಇಲ್ಲ. ನಿಮ್ ಕಾಗ್ದ ಇಟ್ಕಂಡು ಕೂತ್ರೆ ಇಟ್ಗೆ ಬೇಯ್ತದಾ?”

ಉತ್ತರಕ್ಕೂ ಕಾಯದೆ ಆಳುಗಳ ಕೈಲಿ ಕೊಟ್ಟಿಗೆಯ ಸೌದೆ ಹೊರಿಸಿದ. ಕಿಟಕಿಯಲ್ಲಿ ನೋಡಿದೆ. ನೆತ್ತಿ ಆಗಲೇ ಕಚ್ಚಿಗಿಂತ ನಾಲ್ಕು ಬೆರಳು ಇಳಿದಿತ್ತು. ಬೆಂಕಿ ಸತ್ತ ಗೂಡು ಇಳಿಯುವುದಿಲ್ಲ; ಹೊಟ್ಟು ಇಟ್ಟಿಗೆಯೊಳಗೇ ಹೊಗೆಯಿಲ್ಲದೆ ಉರಿಯುತ್ತಿತ್ತು. ಗೊತ್ತಿದ್ದೂ, ಗಂಡಸರಿರುವ ಕಡೆಗೆ ಹೋಗಲಿಲ್ಲ. ಗೂಡಿನ ಬುಡದ ಬೆಂಕಿಬಾಯಿಗಳಲ್ಲಿ ಪೂರ್ವದ ಎರಡಕ್ಕೆ ಸೌದೆ ತುಂಬುವುದನ್ನು ನೋಡುತ್ತಲೇ ನಿಂತೆ. ಮೂರನೆಯದಕ್ಕೆ ಕೈಹಾಕಿದಾಗ ತಲೆ ಮೇಲೆ ಸೆರಗು ಎಳೆದುಕೊಂಡು ಹೊರಟೆ.

“ನಿಲ್ಸಪ್ಪ. ಬೆಂಕಿ ಒಳ್ಗೇ ಅದೆ. ಗೂಡು ಇಳ್ದದೆ.”

“ಎಲ್ಲಿ ಇಳ್ದದೆ?”

“ಇಲ್ಲಿಂದ ಕಾಣಾಕಿಲ್ಲ. ಅಡ್ಗೆಮನೆಗೆ ಬಾ.”

ಒಬ್ಬ ಆಳು ಕಿಸಕ್ಕನೆ ನಕ್ಕ. “ಅಂಗೇ ಸಾರಿಗೆ ಉಪ್ಪು ಸರೀಗದಾ ನೋಡ್ಕಬನ್ನಿ ಯಜಮಾನ್ರೇ!”

ಚಿಕ್ಕತಾತ ಬಂದ. ಎಂದೂ ನಿಲ್ಲದ ಜಾಗದಲ್ಲಿ ಬಗ್ಗಿ ನಿಂತು ಬಹಳ ಹೊತ್ತು ನೋಡಿದ. “ಮೊದ್ಲು ಕಚ್ಚಿನ ಸಮಕ್ಕಿತ್ತಾ?” ಎಂದು ಎರಡು ಸಲ ಕೇಳಿದ. ಹೋಗಿ ಬಾಯಿಗಳಿಗೆಲ್ಲ ಕೆಸರು ಮೆತ್ತಿಸಿ ಮುಚ್ಚಿಸಿದ.

ಗೂಡು ಆರಿದ ಮೇಲೆ ಬಿಚ್ಚಿದರು. ಪಶ್ಚಿಮದ ಇಟ್ಟಿಗೆ ಕೆಂಪಗೆ ಬೆಂದು, ತಟ್ಟಿದರೆ ಕಂಚಿನ ಹಾಗೆ ಠಣ್ ಅನ್ನುತ್ತಿತ್ತು. ಸೌದೆ ತುರುಕಿದ ಎರಡು ಬಾಯಿಯ ಸುತ್ತ ಎಲ್ಲವೂ ಕರಗಿ ಕರೀ ಮುದ್ದೆ. ಇಂಜಿನಿಯರು ಬರುವ ಮೊದಲು ಅದನ್ನು ಹೊಳೆಗೆ ಉರುಳಿಸೋಣ ಎಂದ ಚಿಕ್ಕತಾತ. ಅದರಲ್ಲೊಂದು ತುಂಡನ್ನು ನಾನು ಬಚ್ಚಲ ಬಾಗಿಲಿಗೆ ತರಿಸಿ ಇಟ್ಟುಕೊಂಡೆ.

ಅವರು ಬಂದಾಗ ಬಾಗಿಲ ಹಿಂದೆ ನಿಲ್ಲದೆ ಎದುರಿಗೇ ಹೇಳಿದೆ. “ಮಾತು ಪೂರ್ತಿ ಉಳೀಲಿಲ್ಲ ಸಾರ್. ಎರಡು ಬಾಯಿಗೆ ಜಾಸ್ತಿ ಹಾಕ್ಬುಟ್ವಿ.”

ಅಡುಗೆಮನೆ ಕಿಟಕಿಯಿಂದ ಕಚ್ಚು ನೋಡಿ ನಿಲ್ಲಿಸಿದ್ದನ್ನೂ ಹೇಳಿದೆ. ಅವರು ಎಲ್ಲವನ್ನೂ ಕಾಗದದಲ್ಲಿ ಬರೆದುಕೊಂಡರು. ಚೆನ್ನಾಗಿದ್ದ ಇಟ್ಟಿಗೆ ಶಾಲೆಗೆ ಹೋಯಿತು. ಹೊರಡುವ ಮೊದಲು ನಾಚಿಕೊಳ್ಳುತ್ತಲೇ, ಆ ಕಿಟಕಿ ಒಂದು ಸಲ ನೋಡಬಹುದೇ ಎಂದು ಕೇಳಿದರು.

ಮುಂದಿನ ಗೂಡಿಗೂ ಹೊಗೆ ತೆಳುವಾಯಿತು. ಕೊಟ್ಟಿಗೆ ಗೋಡೆಯ ಸೌದೆ ಒಟ್ಟಿದ ಹಾಗೇ ಇತ್ತು. ಚಿಕ್ಕತಾತ ಗೂಡಿನ ಹತ್ತಿರದಿಂದಲೇ ಕೂಗಿದ: “ಅತ್ಗೆವ್ವಾ, ಎಷ್ಟು ಇಳೀತು?”

ಸೌಟು ಹಿಡಿದೇ ಕಿಟಕಿಗೆ ಬಂದೆ. ಊರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ: “ಇನ್ನೆರಡು ಬೆರಳು ಬೇಕು ಕಣಪ್ಪಾ!”