ದಾವಲನ ಆನಿ ತತ್ತಿ

ಮೊಬೈಲಿನಲ್ಲಿ ಮಾತಾಡಬೇಕೆಂದರೆ ಮಾಳಿಗೆ ಹತ್ತಬೇಕಾಗಿದ್ದ ದಿನಗಳವು. ಗಜೇಂದ್ರಗಡದ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಮೊಬೈಲು, ಅದು ನಮ್ಮ ಕಾಕಾನದು. ಅವನು ಮಾಳಿಗೆಯ ಮೇಲೆ ನಿಂತು ಕೂಗುತ್ತಿದ್ದರೆ ಕೆಳಗೆ ಅಡುಗೆಮನೆಯಲ್ಲಿ ನಮ್ಮವ್ವ ಅದಕ್ಕಿಂತ ಜೋರಾಗಿ ಕೂಗುತ್ತಿದ್ದಳು. ಅವಳು ಕೂಗುತ್ತಿದ್ದದ್ದು ನನ್ನ ತಮ್ಮ ದಾವಲನ ಮೇಲೆ, ಒಂದು ಕೋಳಿತತ್ತಿಯ ಸಲುವಾಗಿ. ಆ ಚಳಿಗಾಲ ನೆನಪಾದರೆ ಈಗಲೂ ನನಗೆ ತಲೆ ಬಿಸಿಯಾಗುತ್ತದೆ.

ದಾವಲನಿಗೆ ಆಗ ಐದು ವರ್ಷ. ಮಳೆಗಾಲದ ಕೊನೆಗೆ ಟೈಫಾಯ್ಡ್ ಬಂದು ಮಲಗಿದ್ದ. ಜ್ವರವೇನೋ ಹೋಯಿತು, ಹೋಗುವಾಗ ಅವನ ಮೈಮೇಲಿನ ಮಾಂಸವನ್ನೂ ಒಯ್ದಿತು. ಚಡ್ಡಿ ಸೊಂಟದ ಮೇಲೆ ನಿಲ್ಲದೆ ಅವ್ವ ಹಳೆ ಸೀರೆಯ ಅಂಚು ಹರಿದು ಕಟ್ಟುತ್ತಿದ್ದಳು. ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಿದರೆ ಕುಸಿದು ಕೂರುತ್ತಿದ್ದ. ದವಾಖಾನೆಯ ಡಾಕ್ಟರು ಅವನ ಕಣ್ಣಿನ ರೆಪ್ಪೆ ಎಳೆದು ನೋಡಿ, "ಮೈಯಾಗ ರಕ್ತಾನ ಇಲ್ಲ. ದಿನಾ ಒಂದ್ ಕುದಿಸಿದ ತತ್ತಿ ತಿನ್ನಸ್ರಿ, ತಪ್ಪಸಬ್ಯಾಡ್ರಿ. ಮತ್ತ ಜ್ವರ ಬಂತಂದ್ರ ಈ ಹುಡುಗ ತಾಳೂದಿಲ್ಲ" ಎಂದರು. ಅವತ್ತು ಮನೆ ಮುಟ್ಟುವತನಕ ಅವ್ವ ಅವನನ್ನು ಸೊಂಟದಿಂದ ಇಳಿಸಲಿಲ್ಲ.

ತತ್ತಿಗೇನೂ ಬರವಿರಲಿಲ್ಲ, ಹಿತ್ತಲಿನಲ್ಲಿ ಕೋಳಿಗಳಿದ್ದವು. ತಿನ್ನುವವನು ಮಾತ್ರ ತಯಾರಿರಲಿಲ್ಲ. "ನಾರತೈತಿ" ಎಂದು ಮೂಗು ಹಿಡಿದು ಗೋಡೆಯ ಕಡೆ ಮುಖ ಮಾಡಿಬಿಡುತ್ತಿದ್ದ. ದೊಡ್ಡವಳೆಂದು ತಿನ್ನಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಆರನೇ ಇಯತ್ತೆಯ ಹುಡುಗಿ ನಾನು, ಸಾಲಿಗೆ ಹೋಗುವ ಮೊದಲು ಇದೇ ಗುದ್ದಾಟ. ರೊಟ್ಟಿಯ ಒಳಗೆ ಮುಚ್ಚಿಟ್ಟೆ. ಬಿಡಿಸಿ ನೋಡಿ ತತ್ತಿ ಮಾತ್ರ ತೆಗೆದಿಟ್ಟ. ಹಳದಿಯನ್ನು ಬ್ಯಾಳಿಯಲ್ಲಿ ಕಲಸಿದೆ, ಬ್ಯಾಳಿಯನ್ನೂ ಬಿಟ್ಟ. ಹೆದರಿಸಿದರೆ ಬಾಯಿಗೆ ಹಾಕಿಕೊಂಡು, ನುಂಗದೆ, ಕೆನ್ನೆ ಉಬ್ಬಿಸಿಕೊಂಡು ಅರ್ಧ ತಾಸು ಕೂರುತ್ತಿದ್ದ. ನಾನು ಪಾಟೀಚೀಲ ಹುಡುಕಲು ಎದ್ದ ಕೂಡಲೇ ಹಿತ್ತಲಿಗೆ ಹೋಗಿ ಉಗುಳುತ್ತಿದ್ದ. ಉಗುಳಿದ್ದನ್ನು ಆ ತತ್ತಿ ಇಟ್ಟ ಕೋಳಿಯೇ ಬಂದು ತಿನ್ನುತ್ತಿತ್ತು.

"ಅವ್ವಾ, ನಾವು ಕೋಳಿಗೆ ತತ್ತಿ ತಿನ್ನಸಾಕತ್ತೇವಿ" ಎಂದೆ.

"ಅಷ್ಟ್ ದೊಡ್ಡಾಕಿ ಆಗಿ ನಿನಗ ಒಂದ್ ಕೂಸಿಗೆ ತಿನ್ನಸಾಕ ಬರವಲ್ದು" ಎಂದು ಅವ್ವ ನನಗೇ ಬಯ್ದಳು.

ಕಾಕಾ ಸಂತೆಯಲ್ಲಿ ಪ್ಲಾಸ್ಟಿಕ್ ಸಾಮಾನು ಮಾರುತ್ತಿದ್ದ. ನಮ್ಮ ಗೋಳು ನೋಡಲಾರದೆ ಒಂದು ದಿನ ಹುಬ್ಬಳ್ಳಿಯಿಂದ ತತ್ತಿಯ ಅಚ್ಚು ತಂದ. ಗುಲಾಬಿ ಬಣ್ಣದ ಪುಟ್ಟ ಡಬ್ಬಿ, ಒಳಗೆ ಮೊಲದ ಮುಖ. ಕುದಿಸಿದ ತತ್ತಿಯನ್ನು ಬಿಸಿ ಇರುವಾಗಲೇ ಸುಲಿದು ಅದರೊಳಗಿಟ್ಟು, ಮುಚ್ಚಳ ಒತ್ತಿ, ತಣ್ಣೀರಿನಲ್ಲಿ ಬಿಟ್ಟರೆ ತತ್ತಿ ಮೊಲವಾಗುತ್ತದಂತೆ. ಸುಲಿಯುವವಳು ನಾನು. ಬೆರಳು ಸುಟ್ಟುಕೊಂಡು, ಊದಿಕೊಂಡು, ಅಚ್ಚಿಗಿಟ್ಟು ಹರವಿಯ ನೀರಿನಲ್ಲಿ ಮುಳುಗಿಸಿದೆ. ಮನೆಮಂದಿಯೆಲ್ಲ ಸುತ್ತ ಕೂತರು. ತೆರೆದು ನೋಡಿದರೆ ನಮ್ಮ ಜವಾರಿ ಕೋಳಿಯ ತತ್ತಿ ಆ ಅಚ್ಚಿಗೆ ಸಾಲದು. ಕೆನ್ನೆ ಬಂದಿತ್ತು, ಕಿವಿ ಬಂದಿರಲಿಲ್ಲ.

ದಾವಲ ತಿರುಗಿಸಿ ತಿರುಗಿಸಿ ನೋಡಿ, "ಇದು ಮೊಲ ಅಲ್ಲ, ಹೆಗ್ಗಣ" ಎಂದ.

ಮರುದಿನ ಅಂಗಡಿಯಿಂದ ದೊಡ್ಡ ಫಾರಂ ತತ್ತಿ ತಂದೆವು. ಕಿವಿಯೂ ಬಂತು. ಅವನು ಕಿವಿಯ ತುದಿ ಕಚ್ಚಿದ, ಅಷ್ಟೇ. "ನನಗ ಮೊಲ ಬ್ಯಾಡ. ಅಜ್ಜ ಮಾಡ್ತಾನಲ್ಲ, ಅಂಥಾ ಆನಿ ಬೇಕು."

ನಿಜವಾದ ತಾಪತ್ರಯ ಶುರುವಾದದ್ದು ಇಲ್ಲಿಂದ. ನಮ್ಮ ಅಜ್ಜ ಇಮಾಮಸಾಬ ವರ್ಷವಿಡೀ ಗಾದಿ ಹೊಲಿಯುವವನು. ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ಮಾತ್ರ ಸೂಜಿ ಇಟ್ಟು, ಅಟ್ಟದ ಮೇಲಿನ ಸಕ್ಕರೆ ಗೊಂಬೆಯ ಸಾಗವಾನಿ ಅಚ್ಚುಗಳನ್ನು ಇಳಿಸಿ ನೀರಿನಲ್ಲಿ ನೆನೆಹಾಕುತ್ತಿದ್ದ. ಆನೆ, ಒಂಟೆ, ನವಿಲು, ಗಿಳಿ, ಬಸವಣ್ಣ. ಹುಣ್ಣಿಮೆಯ ದಿನ ಗೌರಿಗೆ ಆರತಿ ಒಯ್ಯುವ ಹೆಣ್ಣುಮಕ್ಕಳ ತಟ್ಟೆಯಲ್ಲಿ ಸಕ್ಕರೆ ಗೊಂಬೆಗಳು ಇರಲೇಬೇಕು. ನಿಶ್ಚಯವಾದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಸೀರೆಯ ಜೊತೆ ಒಯ್ಯುವುದೂ ಇವನ್ನೇ. ಸುತ್ತಲ ಹಳ್ಳಿಯವರು ನಮ್ಮಜ್ಜನ ಗೊಂಬೆಗೆಂದೇ ಬರುತ್ತಿದ್ದರು. ಆ ದಿನಗಳಲ್ಲಿ ಮನೆಯ ಗೋಡೆಗೂ ಹಾಸಿಗೆಗೂ ಪಾಕದ ವಾಸನೆ ಹತ್ತಿರುತ್ತಿತ್ತು.

ಅವ್ವ ಹೆದರುತ್ತಲೇ ಕೇಳಿದಳು: "ಮಾವಾರ, ಒಂದ್ ಹಳೇ ಆನಿ ಅಚ್ಚು ಕೊಡ್ತೀರೇನ್ರಿ? ಈ ಹುಡುಗ ಅದರಾಗಾದ್ರ ತಿಂತೈತಂತ."

ಅಜ್ಜ ಪಾಕದಿಂದ ಕಣ್ಣೆತ್ತಲಿಲ್ಲ. "ಗೌರಿಗೆ ಹೋಗೂ ಅಚ್ಚು ಅವು. ತತ್ತಿ ಮುಟ್ಟಸಾಕ ಬರೂದಿಲ್ಲ. ಮಂದಿ ನಂಬಿ ಒಯ್ತಾರ."

ಆ ಮಾತು ಅಲ್ಲಿಗೆ ಮುಗಿಯಿತೆಂದುಕೊಂಡೆವು. ಆದರೆ ಒಂದು ಸಂಜೆ ದಾವಲ ಅಂಗಳದಲ್ಲಿ ಬಿದ್ದ. ಎಡವಿ ಬಿದ್ದದ್ದಲ್ಲ, ನಿಂತಲ್ಲೇ ಕಾಲು ಮಡಚಿ ಬಿದ್ದ. ಅಜ್ಜ ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಕೂರಿಸಿ, ಆ ಕಡ್ಡಿಯಂಥ ಕಾಲನ್ನು ಬಹಳ ಹೊತ್ತು ಒತ್ತುತ್ತಾ ಕೂತ. ಮರುದಿನ ಹಿತ್ತಲಿನ ಮೂಲೆಯಲ್ಲಿ ಒಂದು ಸಾಗವಾನಿ ತುಂಡು, ಉಳಿ ಹಿಡಿದು ಕೂತಿದ್ದ. ಸೀಜನ್ನಿನ ಆ ಗಡಿಬಿಡಿಯಲ್ಲಿ ಪಾಕ ಬಿಟ್ಟು ಮರ ಕೆತ್ತುತ್ತಿದ್ದವನನ್ನು ನೋಡಿ ಕಾಕಾ ಗೊಣಗಿದ, ಅವ್ವ ಹಣೆ ಬಡಿದುಕೊಂಡಳು. ಮೊದಲ ಅಚ್ಚಿನಲ್ಲಿ ಸೊಂಡಿಲು ಸಣ್ಣದಾಗಿ, ತತ್ತಿ ತೆಗೆಯುವಾಗ ಮುರಿಯಿತು. ಸೊಂಡಿಲಿಲ್ಲದ ಆನೆಯನ್ನು ದಾವಲ ಹಂದಿ ಎಂದ. ಅಜ್ಜ ಉಳಿ ಎಸೆದು ಎದ್ದುಹೋದ. ಆಮೇಲೆ ತಾನೇ ಹೋಗಿ ಹುಡುಕಿ ತಂದು ಇನ್ನೊಂದು ಕೆತ್ತಿದ. ಅದರಲ್ಲಿ ಆನೆ ಕೂತಿತ್ತು, ಸೊಂಡಿಲನ್ನು ಎದೆಗೆ ಒತ್ತಿಕೊಂಡಿತ್ತು.

ದಾವಲ ಆ ತತ್ತಿ ತಿಂದ. ಸೊಂಡಿಲು, ಬೆನ್ನು, ಕಾಲು, ಎಲ್ಲ ತಿಂದು ಬೆರಳು ನೆಕ್ಕಿದ. ಮರುದಿನವೂ ತಿಂದ. ನಾವು ಉಸಿರು ಬಿಟ್ಟೆವು.

ಹುಣ್ಣಿಮೆ ನಾಲ್ಕೈದು ದಿನ ಇದೆ ಎನ್ನುವಾಗ ಮುಶಿಗೇರಿಯಿಂದ ನೀಲವ್ವ ಬಂದಳು. ಹೊಲಮನೆ ಇದ್ದ, ಮಾತು ಖಡಕ್ಕಾಗಿದ್ದ ಹೆಣ್ಣುಮಗಳು. ತನ್ನ ಮನೆಗಷ್ಟೇ ಅಲ್ಲ, ಓಣಿಯ ಹೆಂಗಸರಿಗೆಲ್ಲ ಗೊಂಬೆ ಒಯ್ಯುತ್ತಿದ್ದವಳು. ಆ ವರ್ಷ ಮಗನಿಗೆ ಹೆಣ್ಣು ಗೊತ್ತಾಗಿತ್ತು, ಬೀಗರ ಮನೆಗೆ ಆರತಿ ಒಯ್ಯಬೇಕಿತ್ತು. ಬುಟ್ಟಿಯಲ್ಲಿ ಬಟ್ಟೆ ಹಾಸಿ ಒಂದೊಂದೇ ಆನೆ ಜೋಡಿಸುತ್ತಿದ್ದಳು. ದಾವಲ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತ.

"ಆಯೀ, ನಿಮಗ ತತ್ತಿ ಆನಿ ಬ್ಯಾಡೇನು? ನಮ್ಮಜ್ಜ ಅದನ್ನೂ ಮಾಡ್ತಾನ. ನಾ ದಿನಾ ತಿಂತೀನಿ."

ನೀಲವ್ವ ಕೈಯಲ್ಲಿದ್ದ ಆನೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಇಮಾಮಸಾಬಣ್ಣಾ, ಏನಂತೈತಿ ಈ ಹುಡುಗ?"

"ಸಣ್ಣ ಕೂಸ್ರೀ, ಏನರ ಒದರತೈತಿ" ಎಂದು ಅವ್ವ ನಡುವೆ ಬಂದಳು. ಅಜ್ಜ ಕೈ ಎತ್ತಿ ಅವಳನ್ನು ಸುಮ್ಮನಿರಿಸಿದ.

"ಖರೇ ಹೇಳ್ಯಾನ ತಂಗೀ. ಜ್ವರ ಬಂದು ಎದ್ದಾನ, ತತ್ತಿ ತಿನ್ನವಲ್ಲ ಅಂತ ಒಂದು ಆನಿ ಅಚ್ಚು ಕೆತ್ತೇನಿ. ಅದು ಬ್ಯಾರೆ, ಇವು ಬ್ಯಾರೆ. ಅದು ಈ ಪಡಸಾಲಿಗೆ ಸೈತ ಬಂದಿಲ್ಲ." ನನ್ನನ್ನು ಕಳಿಸಿ, ಹಿತ್ತಲಿನ ಗೂಟಕ್ಕೆ ತೂಗುಹಾಕಿದ್ದ ಆ ಅಚ್ಚನ್ನು ತರಿಸಿ, ಹೊಸ್ತಿಲಾಚೆಯಿಂದಲೇ ತೋರಿಸಿದ.

ನೀಲವ್ವ ನೋಡಿದಳು. "ನಿನ್ನ ಮಾತು ನಾ ನಂಬ್ತೀನಣ್ಣಾ. ನಾ ಒಬ್ಬಾಕಿ ನಂಬಿ ಏನ್ ಮಾಡ್ಲಿ? ಈ ಹುಡುಗನ ಬಾಯಿ ಹಿಂಗ ಐತಿ, ನಾಳೆ ಈ ಮಾತು ಬೀಗ್ರ ಮನಿಗೆ ಮುಟ್ಟತೈತಿ. ನೀ ಕಣ್ಣಿಲೆ ನೋಡಿಯೇನವಾ ಅಂತ ಆ ಹೆಣ್ಮಕ್ಳು ಕೇಳಿದ್ರ ಏನ್ ಹೇಳ್ಲಿ?"

ಅಜ್ಜ ಅವಳ ಬುಟ್ಟಿಯ ಆನೆಗಳನ್ನು ತೆಗೆದು ಪಕ್ಕಕ್ಕಿಟ್ಟ. ಆ ವರ್ಷ ಮುಶಿಗೇರಿಯವರು ಬಿಟ್ಟರೆ ಬೇರೆ ಹಳ್ಳಿಯವರೂ ಬಿಡುತ್ತಾರೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಹಂಗಾರ ಕುಂಡ್ರು. ನಿನ್ನ ಕಣ್ಮುಂದ ಎಲ್ಲಾ ಹೊಸಾದು ಹೊಯ್ತೀನಿ. ನೋಡು, ಒಯ್ಯಿ."

"ನನ್ನ ಬಸ್ಸು?"

"ಸಂಜಿಗೊಂದು ಐತಿ."

ಅವಳು ಬಯ್ಯುತ್ತಲೇ ಕೂತಳು. ಹೊಲಕ್ಕೆ ಬುತ್ತಿ ಕಳಿಸಬೇಕಿತ್ತು, ಎಮ್ಮೆ ಹಿಂಡುವವರಿಲ್ಲ, ಈ ಊರಿಗೆ ಬಂದು ತಪ್ಪು ಮಾಡಿದೆ. ಬಯ್ಯುತ್ತಲೇ ಕೆಲಸವನ್ನೂ ಮಾಡಿಸಿದಳು. ಪಾಕದ ಪಾತ್ರೆಯನ್ನು ಮತ್ತೊಮ್ಮೆ ತೊಳೆಸಿದಳು, ಅಚ್ಚು ನೆನೆಹಾಕಿದ ನೀರು ಚೆಲ್ಲಿಸಿ ಹೊಸ ನೀರು ಹಾಕಿಸಿದಳು. ಅಜ್ಜ ಸಕ್ಕರೆ ಕಾಸಿದ, ಹಾಲು ಹಾಕಿ ಕೊಳೆ ತೆಗೆದ, ಪಾಕ ಬೆಳ್ಳಗಾಗುವತನಕ ತಿರುವಿದ.

ಅಷ್ಟರಲ್ಲಿ ದಾವಲ ತತ್ತಿ ತಿನ್ನುವ ಹೊತ್ತಾಯಿತು. ನೀಲವ್ವ ಇದ್ದಾಳೆಂದು ಅವ್ವ ತತ್ತಿ ತೆಗೆಯದೆ ಒಳಗೆ ಹೊರಗೆ ಓಡಾಡಿದಳು. ಅವಳ ಚಡಪಡಿಕೆ ನೋಡಿ ನೀಲವ್ವನೇ ಕೇಳಿ ತಿಳಿದುಕೊಂಡಳು. "ಡಾಕ್ಟರ್ ಹೇಳ್ಯಾರಂದ್ರ ತಿನ್ನಸವಾ. ಹಿತ್ತಲದಾಗ ತಿನ್ನಸು, ನಾ ಈ ಕಡೆ ಮಾರಿ ಮಾಡ್ತೀನಿ."

ನಾನು ತತ್ತಿ ಹಿಡಿದು ಹಿತ್ತಲಲ್ಲಿ ಕರೆದೆ. ಅವನು ಬರಲೊಲ್ಲ, ಅವನಿಗೆ ಪಾಕ ಹೊಯ್ಯುವುದನ್ನು ನೋಡಬೇಕು. ಎಳೆದೊಯ್ದರೆ ಮತ್ತೆ ಅದೇ ಕೆನ್ನೆ ಉಬ್ಬಿಸಿ ಕೂತ. ನನಗೆ ಅಳುವೇ ಬಂತು. ಆಗ ಪಡಸಾಲೆಯಿಂದ, ಮೂಗಿಗೆ ಸೆರಗು ಮುಚ್ಚಿಕೊಂಡೇ, ನೀಲವ್ವನ ದನಿ ಬಂತು:

"ಏ ಹುಡುಗಾ, ನುಂಗಿದಿ? ನೀ ನುಂಗೂತನಕ ನಿಮ್ಮಜ್ಜ ಆನಿ ಹೊಯ್ಯೂದಿಲ್ಲ. ಆನಿ ಆಗೂತನಕ ನಾ ಏಳೂದಿಲ್ಲ. ರಾತ್ರಿ ಇಲ್ಲೇ ನಿನ್ನ ಹಾಸಿಗ್ಯಾಗ ಮಲಗ್ತೀನಿ ನೋಡು."

ದಾವಲ ನುಂಗಿದ. ನನ್ನ ಕಣ್ಣೆದುರೇ ಪೂರ್ತಿ ತತ್ತಿ ಹೋಯಿತು.

ಸಂಜೆಯ ಬಸ್ಸಿಗೆ ನೀಲವ್ವ ಹೊಸ ಗೊಂಬೆಗಳನ್ನು ಹೊತ್ತು ಹೋದಳು. ಮೊದಲು ಹೊಯ್ದಿದ್ದ ಆನೆಗಳನ್ನು ಅಜ್ಜ ಮಾರಲಿಲ್ಲ. ಒಡೆದು ಡಬ್ಬಿಗೆ ತುಂಬಿದ, ಚಳಿಗಾಲವಿಡೀ ನಮ್ಮ ಚಹಾಕ್ಕೆ ಅದೇ ಸಕ್ಕರೆ. ಬೀಗರ ಮನೆಯವರು ಕೇಳಿದರಂತೆ. "ನಾ ಮುಂದ ಕುಂತು ಹೊಯ್ಸೇನಿ" ಎಂದಳಂತೆ ನೀಲವ್ವ. ಮಾತು ಅಲ್ಲಿಗೆ ನಿಂತಿತು. ಮುಂದಿನ ವರ್ಷ ಮುಂಜಾನೆಯ ಬಸ್ಸಿಗೇ ಬಂದು ಪಡಸಾಲೆಯಲ್ಲಿ ಕೂತು, "ಹೊಯ್ಯಣ್ಣಾ, ನೋಡೂಣು" ಎಂದಳು. ಹಾಗೆ ನೋಡುವ ಅಗತ್ಯವೇನೂ ಇರಲಿಲ್ಲ. ಆದರೂ ತನ್ನ ಕೊನೆಯ ವರ್ಷದವರೆಗೂ ಹಾಗೇ ಬಂದು ಕೂತು, ಪಾತ್ರೆ ತೊಳೆಸಿ, ಬಯ್ದು ಹೋಗುತ್ತಿದ್ದಳು.

ದಾವಲನ ವಿಷಯ ಹೇಳಿದರೆ ಈಗಲೂ ಸಿಟ್ಟು ಬರುತ್ತದೆ. ಹುಣ್ಣಿಮೆ ಮುಗಿದ ವಾರಕ್ಕೆ ಆನೆ ಸಾಕೆಂದ, ಬಸ್ಸಿನ ಅಚ್ಚು ಬೇಕೆಂದ. ಅಜ್ಜ ಕೇಳಿಯೂ ಕೇಳದವನಂತೆ ಗಾದಿ ಹೊಲಿಯುತ್ತಾ ಕೂತ. ಅದಾಗಿ ಕೆಲವು ದಿನಕ್ಕೆ ದಾವಲ, ಯಾವ ಆಕಾರವೂ ಇಲ್ಲದ ಬರೀ ತತ್ತಿಯನ್ನು ತಾನೇ ಸುಲಿದು, ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದ. ಏನೆಂದು ಕೇಳಿದರೆ, "ಹಸಿವಾಗಿತ್ತು" ಎಂದ.

ಅಜ್ಜ ಹೋಗಿ ಬಹಳ ವರ್ಷವಾಯಿತು. ಹುಣ್ಣಿಮೆಗೆ ಈಗ ಗೊಂಬೆ ಹೊಯ್ಯುವವನು ದಾವಲನೇ. ಕಳೆದ ಸಲ ನಾನು ರೋಣದಿಂದ ತವರಿಗೆ ಹೋದಾಗ ಹೊಯ್ದ ಗೊಂಬೆಗಳು ಅರ್ಧಕ್ಕರ್ಧ ಹಾಗೇ ಕೂತಿದ್ದವು. ತಲೆಮಾರಿನಿಂದ ಒಯ್ಯುತ್ತಿದ್ದ ಕೆಲವು ಮನೆಯವರು ಬಂದಿರಲಿಲ್ಲ. ಅಂಗಡಿಯ ಡಬ್ಬಿ ಗೊಂಬೆ ಅಗ್ಗವೆಂದೋ, ಹುಡುಗಿಯರು ಆರತಿ ಒಯ್ಯುವುದು ಬಿಟ್ಟರೆಂದೋ, ಅಥವಾ ನಮ್ಮ ಬಗ್ಗೆ ಬೇರೆ ಯಾವ ಮಾತು ಯಾರ ಕಿವಿಗೆ ಬಿತ್ತೋ, ತಿಳಿಯದು.

"ಯಾಕ ಬರಲಿಲ್ಲ ಅಂತ ಕೇಳಲಿಲ್ಲೇನೋ?" ಎಂದೆ.

"ಹ್ಯಾಂಗ ಕೇಳೂದಕ್ಕಾ? ಅವ್ರು ಏನೂ ಅಂದಿಲ್ಲಲ್ಲ" ಎಂದ.

ಅದೇ ಖರೆ. ಅವರು ಏನೂ ಅಂದಿರಲಿಲ್ಲ. ದಾರಿಯಲ್ಲಿ ಸಿಕ್ಕರೆ ನಕ್ಕು, ಆರಾಮೇನ್ರಿ ಎಂದು ಕೇಳಿ ಮುಂದೆ ಹೋಗುತ್ತಾರೆ. ನೀಲವ್ವನ ಹಾಗೆ ನಮ್ಮ ಪಡಸಾಲೆಯಲ್ಲಿ ಕೂತು, ಮುಖಕ್ಕೆ ಮುಖ ಕೊಟ್ಟು, ಖರೇ ಏನು ಎಂದು ಕೇಳಿ ಜಗಳಾಡುವವರು ಯಾರೂ ಉಳಿದಿಲ್ಲ.