ಅರ್ಧ ಹೊಟ್ಟಿಯಾಕಿ

ಶೈಲಾಳ ಬಲಗೈ ಹೆಬ್ಬೆರಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮೊಬೈಲಿನ ಗುಂಡಿ ಒತ್ತಿ ಒತ್ತಿ ಅದರ ತುದಿ ಸವೆದು ಮಿರಿಮಿರಿ ಹೊಳೆಯುತ್ತಿತ್ತು. ಆ ಒಂದು ಬೆರಳಿನಿಂದ ಆಕೆ ಹಸಿದವರ ಹೊಟ್ಟೆ ತುಂಬಿಸುತ್ತಾಳೆಂದು ನಮ್ಮ ಓಣಿಯೇ ಕೊಂಡಾಡುತ್ತಿತ್ತು. ಮಣ್ಣು ಹೊತ್ತು ನನ್ನ ಎರಡೂ ಅಂಗೈಗೆ ಬೊಬ್ಬೆ ಎದ್ದಿದ್ದರೂ ಕೇಳುವವರಿರಲಿಲ್ಲ.

ಹೊಸಪೇಟೆಯಲ್ಲಿ ಅದಿರಿನ ದುಡ್ಡು ಉಕ್ಕುತ್ತಿದ್ದ ಕಾಲ ಅದು. ಎದುರುಮನೆಯ ಶೈಲಾಳ ಅಪ್ಪ ಸಂಡೂರಿನ ಗಣಿಗೆ ಟಿಪ್ಪರ್ ಬಿಟ್ಟಿದ್ದರು. ಟಿಪ್ಪರುಗಳೆಬ್ಬಿಸಿದ ಕೆಂಪು ಧೂಳು ಅವರ ಮಗಳ ಎದೆಯಲ್ಲೇ ಬಂದು ಕೂತಿತು. ಹೊಸ್ತಿಲು ದಾಟಿದರೆ ಸಾಕು, ಉಬ್ಬಸ. ಡಾಕ್ಟರು ಕಿಟಕಿ ಮುಚ್ಚಿಸಿದರು. ಅಪ್ಪ ಇಂಟರ್‌ನೆಟ್ ಇರುವ ಮೊಬೈಲು ಕೊಡಿಸಿದರು. ನಾವಿಬ್ಬರೂ ಪಿಯುಸಿ. ನಾನು ದಿನಾ ಕಾಲೇಜಿಗೆ ಹೋಗುತ್ತಿದ್ದೆ, ಆಕೆ ಪರೀಕ್ಷೆಗೆ ಮಾತ್ರ ಬರುತ್ತಿದ್ದಳು.

ಮುಚ್ಚಿದ ಕೋಣೆಯಲ್ಲಿ ಆಕೆಗೆ ಒಂದು ಆಟ ಸಿಕ್ಕಿತು. ಪರದೆಯ ಮೇಲೆ ಇಂಗ್ಲಿಷ್ ಪದ ಬರುತ್ತದೆ, ಕೆಳಗೆ ನಾಲ್ಕು ಅರ್ಥ. ಸರಿಯಾದುದನ್ನು ಒತ್ತಿದರೆ ಒಂದು ಬಟ್ಟಲಿಗೆ ಅಕ್ಕಿಕಾಳು ಬೀಳುತ್ತವೆ. ಅಷ್ಟು ಅಕ್ಕಿಯನ್ನು ಜಾಹೀರಾತಿನವರ ದುಡ್ಡಿನಲ್ಲಿ ಎಲ್ಲೋ ದೂರದ ದೇಶದ ಹಸಿದವರಿಗೆ ಕಳಿಸುತ್ತಾರಂತೆ. ಶೈಲಾ ಕೈ ತೊಳೆಯದೆ ಆ ಆಟಕ್ಕೆ ಕೂಡುತ್ತಿರಲಿಲ್ಲ. "ಅಕ್ಕಿ ಮುಟ್ಟಾಕಿ ಅದೀನಲೇ," ಎಂದು ಏದುಸಿರಿನ ನಡುವೆ ನಗುತ್ತಿದ್ದಳು. ಈ ನಾಟಕ ನನಗೆ ಸೇರುತ್ತಿರಲಿಲ್ಲ.

ನಮ್ಮಜ್ಜಿಗೆ ಸೇರಿತು. ನನ್ನ ಹೊಟ್ಟೆಯುರಿ ಶುರುವಾದದ್ದು ಅಲ್ಲಿಂದ.

ಅಜ್ಜಿ ಕಂಪ್ಲಿಯ ಮಗಳು, ಅಕ್ಕಿಯ ಊರಿನವಳು. ದಿನಾ ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿಯನ್ನು ಮಠದ ದಾಸೋಹಕ್ಕೆಂದು ಗಡಿಗೆಗೆ ಹಾಕುತ್ತಿದ್ದಳು. ಗಡಿಗೆ ತುಂಬಿದಾಗ ಹೊತ್ತುಕೊಂಡು ಹೋಗಿ ಮುಟ್ಟಿಸುವ ಕತ್ತೆ ನಾನು. ಶೈಲಾಳ ಫೋನಿನಲ್ಲಿ ಅಕ್ಕಿ ಬೀಳುತ್ತದೆಂದು ಕೇಳಿ ಅಜ್ಜಿ ನೋಡಲು ಹೋದಳು. ಕನ್ನಡಕ ಏರಿಸಿ, ಪರದೆಗೆ ಮೂಗು ತಾಗಿಸಿ, "ಯಾವ ಅಕ್ಕಿ ಯವ್ವಾ ಇದು? ನಮ್ಮ ಕಂಪ್ಲಿದಂಗ ಕಾಣವಲ್ದು," ಎಂದಳು. ಆಮೇಲೆ ಕೇಳಿದಳು: "ಇವತ್ತ ಎಷ್ಟ ಮಂದಿ ಉಂಡ್ರು?"

ಆಟ ಲೆಕ್ಕ ಹೇಳುವುದು ಕಾಳಿನಲ್ಲಿ. ಶೈಲಾ ಕಾಳಿನ ಮಾತೇ ಎತ್ತಲಿಲ್ಲ. ಕಾಳನ್ನು ಊಟದ ಲೆಕ್ಕಕ್ಕೆ ತಿರುಗಿಸಿ, "ಇಬ್ರು ಉಂಡ್ರಜ್ಜಿ. ಇನ್ನೊಬ್ಬಾಕಿ ಅರ್ಧ ಹೊಟ್ಟಿ," ಎಂದಳು.

"ಅಯ್ಯ! ಅರ್ಧ ಹೊಟ್ಟಿಯಾಕಿನ್ನ ಹಂಗ ಎಬ್ಬಸ್ತಾರೇನವ್ವಾ? ಒತ್ತು, ಒತ್ತು!"

ಅಂದಿನಿಂದ ಸಂಜೆಯಾದರೆ ಅಜ್ಜಿಯ ಠಿಕಾಣಿ ಎದುರುಮನೆ. ಶೈಲಾ ಒತ್ತುವುದು, ಅಜ್ಜಿ ಪಕ್ಕದಲ್ಲಿ ಕೂತು ಕಾಣದ ದೇಶದ ಕಾಣದ ಪಂಕ್ತಿಗೆ ಬಡಿಸುವುದು. ಉಬ್ಬಸ ಹೆಚ್ಚಾಗಿ ಬೆರಳು ನಿಂತರೂ ಅರ್ಧ ಹೊಟ್ಟಿಯಾಕಿಯನ್ನು ಪೂರಾ ಉಣಿಸದೆ ಶೈಲಾ ಫೋನು ಕೆಳಗಿಡುತ್ತಿರಲಿಲ್ಲ.

ಅದೇ ವರ್ಷ ನಾನು ಕಾಲೇಜಿನ ಸೇವಾ ಶಿಬಿರಕ್ಕೆಂದು ಮರಿಯಮ್ಮನಹಳ್ಳಿಗೆ ಹೋದೆ. ಶಾಲೆಯ ಅಂಗಳಕ್ಕೆ ಮಣ್ಣು ಹೊತ್ತೆ, ಗಿಡ ನೆಟ್ಟೆ, ಊರಿನ ಮಕ್ಕಳನ್ನು ಸಾಲಾಗಿ ಕೂರಿಸಿ ನನ್ನ ಕೈಯಾರೆ ಅನ್ನ ಬಡಿಸಿದೆ. ನಿಜವಾದ ಅನ್ನ, ಹೊಗೆಯಾಡುವ ಅನ್ನ! ಅಡಿಯಿಂದ ಮುಡಿಯವರೆಗೆ ಕೆಂಪಾಗಿ ಮನೆಗೆ ಬಂದು ಅಜ್ಜಿಯ ಎದುರು ನಿಂತೆ. ಎಷ್ಟು ಮಂದಿ ಉಂಡರೆಂದು ಆಕೆ ಈಗಲಾದರೂ ಕೇಳಲಿ ಎಂದು ಜೀವ ಹಾತೊರೆಯುತ್ತಿತ್ತು.

"ಮೊದ್ಲ ಮೈ ತೊಳಕೋ. ಪಡಸಾಲಿ ಎಲ್ಲಾ ಕೆಂಪ ಮಾಡಬ್ಯಾಡ," ಎಂದು ಅಜ್ಜಿ ಎದುರುಮನೆಗೆ ಹೊರಟಳು. ಹಿತ್ತಲ ಗಿಡ ಮದ್ದಲ್ಲ, ಬಿಡಿ. ಮರುದಿನ ನಮ್ಮ ಲೆಕ್ಚರರು, "ಮನೆಯಲ್ಲಿ ಕೂತೂ ಸೇವೆ ಮಾಡಬಹುದು, ಶೈಲಾನ್ನ ನೋಡಿ ಕಲೀರಿ," ಎಂದು ಕ್ಲಾಸಿನಲ್ಲಿ ಗಾಯಕ್ಕೆ ಉಪ್ಪು ಸವರಿದರು. ನಮ್ಮ ಬೆಂಚಿನ ಹುಡುಗಿಯರೆಲ್ಲ ಅಣ್ಣಂದಿರ ಫೋನು ಕಾಡಿ ಬೇಡಿ ಆ ಆಟ ಹಿಡಿದರು. ನಾನು ಹಿಡಿಯಲಿಲ್ಲ.

ಒಂದೇ ಒಂದು ಸಲ ಹಿಡಿದೆ. ಅದು ಸೀದಾ ಶೈಲಾಳ ಕೈಯಿಂದಲೇ ಕಸಿದುಕೊಂಡು, ಅಜ್ಜಿಯ ಎದುರಿಗೇ. ಬಂದ ಪದ 'ಫ್ಯಾಮಿನ್'. ಅವಸರದಲ್ಲಿ ಫ್ಯಾಮಿಲಿ ಎಂದು ಓದಿ, ಮನೆಮಂದಿ ಎಂಬ ಅರ್ಥ ಒತ್ತಿದೆ. ಒಂದು ಕಾಳೂ ಬೀಳಲಿಲ್ಲ.

"ಅದು ಬರಗಾಲಲೇ," ಎಂದು ಶೈಲಾ ಮೆಲ್ಲಗೆ ಹೇಳಿದಳು.

"ಕೊಡು ಆಕಿಗೆ! ನಿನ್ನ ಕೈಯಾಗ ಸಿಕ್ರ ಮಂದಿ ಉಪಾಸ ಸಾಯ್ತಾರ," ಎಂದಳು ಅಜ್ಜಿ. ಫೋನು ಶೈಲಾಳ ಮಡಿಲಿಗೆ ಹಾಕಿ ಮನೆಗೆ ಬಂದೆ.

ಉಬ್ಬಸ ಕೈಮೀರಿತು. ಸಮುದ್ರದ ಗಾಳಿ ಒಗ್ಗೀತೆಂದು ಶೈಲಾಳನ್ನು ಕುಮಟಾದಲ್ಲಿದ್ದ ಸೋದರಮಾವನ ಮನೆಗೆ ಕಳಿಸುವುದೆಂದಾಯಿತು. ಹೊರಡುವ ದಿನ ಜೀಪಿನಲ್ಲಿ ಬಾಯಿಗೆ ದುಪಟ್ಟಾ ಕಟ್ಟಿಕೊಂಡು ಕೂತಿದ್ದಳು. ನನ್ನನ್ನು ಹತ್ತಿರ ಕರೆದಳು.

"ನಿನ್ನ ಕಂಡ್ರ ನನಗ ಭಾಳ ಹೊಟ್ಟಿಕಿಚ್ಚಲೇ," ಎಂದಳು. "ಶಿಬಿರದಿಂದ ಕೆಂಪಗಾಗಿ ಬಂದಿದ್ದ್ಯಲ್ಲ, ಕಿಟಕ್ಯಾಗಿಂದ ನೋಡಿದೆ. ಅವತ್ತ ರಾತ್ರಿ ಊಟ ಸೇರ್ಲಿಲ್ಲ ನನಗ."

ಹೊಟ್ಟೆಕಿಚ್ಚಿನಲ್ಲೂ ನನ್ನನ್ನು ಮೀರಿಸಿಬಿಟ್ಟಳಲ್ಲ ಎಂದು ಉರಿಯಿತು. ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಆಕೆ ಬಾಗಿಲಲ್ಲಿ ನಿಂತ ಅಜ್ಜಿಗೆ ಕೂಗಿದಳು: "ಅಜ್ಜೀ, ಇವತ್ತ ಒಬ್ಬಾಕಿ ಅರ್ಧ ಹೊಟ್ಟಿ ಉಳದಾಳ. ಅಲ್ಲಿ ಹೋಗಿ ಉಣ್ಣಸ್ತೀನಿ!" ಜೀಪು ಹೊರಟಿತು. ಟಿಪ್ಪರುಗಳ ಧೂಳಿನಲ್ಲಿ ಬೇಗ ಕಾಣದಾಯಿತು.

ಕುಮಟಾದಿಂದ ಫೋನು ಬರಲಿಲ್ಲ. ಮುಂದೆ ಅವರಪ್ಪ ಟಿಪ್ಪರು ಮಾರಿ, ಮನೆ ಖಾಲಿ ಮಾಡಿ ಹೋದರು. ಶೈಲಾಳನ್ನು ನಾನು ಮತ್ತೆ ನೋಡಲಿಲ್ಲ.

ಜೀಪು ಹೋದ ಆ ಸಂಜೆ ಅಜ್ಜಿ ಕೈ ತೊಳೆದು, ಎಲ್ಲಿಗೂ ಹೋಗಲಾಗದೆ ಪಡಸಾಲೆಯಲ್ಲೇ ಕೂತಳು. ಎದುರುಮನೆಯ ಮುಚ್ಚಿದ ಕಿಟಕಿಯನ್ನೇ ನೋಡುತ್ತಿದ್ದವಳು ಕೊನೆಗೆ ನನ್ನ ಕಡೆ ತಿರುಗಿದಳು. ವರ್ಷವಿಡೀ ನಾನು ಕಾದಿದ್ದ ಪ್ರಶ್ನೆ ಬಂತು.

"ಯವ್ವಾ, ಆ ಅರ್ಧ ಹೊಟ್ಟಿಯಾಕಿ ಉಂಡಳೇನು?"

ನನ್ನ ಹತ್ತಿರ ಫೋನಿರಲಿಲ್ಲ. ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ.

"ಇಲ್ಲಜ್ಜಿ," ಎಂದೆ. "ಇನ್ನಾ ಕುಂತಾಳ."